ಮಾವನ ಬ್ಲಾಗು, ಸೊಸೆಯ ಹೆಸರು

ನೋಟೀಸು ಬಂದದ್ದು ಮಂಗಳವಾರ ಬೆಳಿಗ್ಗೆ, ಮನೆಮಂದಿಯೆಲ್ಲ ತಿಂಡಿಗೆ ಕೂತಿದ್ದಾಗ. ಬರೆದವರು ಮಾವ, ಲಕೋಟೆಯ ಮೇಲಿದ್ದದ್ದು ಸೊಸೆಯ ಹೆಸರು. ಅಂಚೆಯವನ ಪುಸ್ತಕದಲ್ಲಿ ಸಹಿ ಹಾಕಿ ಬಂದವಳು ಬಾಗಿಲ ಬಳಿಯೇ ನಿಂತು ಮೂರು ಪುಟವನ್ನೂ ಓದಿ ಮುಗಿಸಿದಳು. ಅಷ್ಟರಲ್ಲಿ ಅವಳ ತಟ್ಟೆಯ ಮೊಟ್ಟೆ ತಣ್ಣಗಾಗಿತ್ತು.

"ಏನದು, ಶಾಲೆಯದಾ?" ಗಂಡ ಕೇಳಿದ.

"ವಕೀಲರದು. ಲಿಫ್ಟ್ ಕಂಪನಿಯವರು ಕಳಿಸಿದ್ದಾರೆ."

ಮಾವ ಚಹಾ ಕೆಳಗಿಟ್ಟರು. ಅವರ ಮುಖದಲ್ಲಿ ಹೆದರಿಕೆ ಎಳ್ಳಷ್ಟೂ ಇರಲಿಲ್ಲ. ನಿಜ ಹೇಳಬೇಕೆಂದರೆ ಕೊಂಚ ಖುಷಿಯೇ ಇತ್ತು. "ಓದಿದ್ರು ಅಂತಾಯ್ತು!" ಎಂದರು.

ಮಾವ ನಲವತ್ತೊಂದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೂ ಅವರ ಕಿವಿಗೆ ನಿವೃತ್ತಿ ಸಿಗಲಿಲ್ಲ. ಯಾರ ಮನೆಗೆ ಹೋದರೂ, ಯಾವ ಅಂಗಡಿಗೆ ಹೋದರೂ ಲಿಫ್ಟಿನ ಸದ್ದಿಗೆ ಕಿವಿ ಕೊಟ್ಟು, ಊಟಕ್ಕೆ ಕೂತಾಗ ಅದರ ವರದಿ ಒಪ್ಪಿಸುತ್ತಿದ್ದರು. ಕೇಳಿ ಕೇಳಿ ರೋಸಿಹೋದ ಅತ್ತೆ ಒಂದು ದಿನ, "ನನ್ನ ತಲೆ ತಿನ್ನಬೇಡಿ, ಎಲ್ಲಾದರೂ ಬರೆದುಕೊಳ್ಳಿ," ಎಂದುಬಿಟ್ಟರು. ಮಾವ ಅದನ್ನು ಆಜ್ಞೆಯೆಂದೇ ತೆಗೆದುಕೊಂಡರು. ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಯತೊಡಗಿದರು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದ ಸೊಸೆ ಭಾನುವಾರ ಬಟ್ಟೆ ಒಗೆದು ಹರವಿ ಬಂದು ಅದನ್ನು ಟೈಪ್ ಮಾಡುತ್ತಿದ್ದಳು. ಮಾವನಿಗೆ ಇಮೇಲ್ ಇರಲಿಲ್ಲವಾದ್ದರಿಂದ ಬ್ಲಾಗು ತೆರೆದದ್ದು ಅವಳ ಹೆಸರಿನಲ್ಲಿ, ಅವಳ ಫೋನ್ ನಂಬರಿನಲ್ಲಿ. ಮೊದಲ ತಿಂಗಳು ಅದಕ್ಕಿದ್ದದ್ದು ಹನ್ನೊಂದು ಜನ ಓದುಗರು; ಅವರಲ್ಲಿ ನಾಲ್ವರು ಇದೇ ಮನೆಯವರು. ಎರಡು ವರ್ಷದಲ್ಲಿ ಅದು ಮೂರು ಸಾವಿರ ದಾಟಿತ್ತು. ಊರಿನ ಜನಕ್ಕೆ ತಾವು ದಿನಾ ಹತ್ತಿಳಿಯುವ ಡಬ್ಬಿಯ ಮೇಲೆ ಇಷ್ಟೊಂದು ಅನುಮಾನವಿದೆಯೆಂದು ಯಾರಿಗೆ ಗೊತ್ತಿತ್ತು!

ನೋಟೀಸು ತಂದ ಲೇಖನ ಒಂದು ಐದು ಮಹಡಿಯ ಕಟ್ಟಡದ ಬಗ್ಗೆ. ತುಂಬ ಕ್ಲಿನಿಕ್ಕುಗಳೇ ಇರುವ ಕಟ್ಟಡ. ಅದರ ಐದನೇ ಮಹಡಿಗೆ ಅತ್ತೆ ಮಂಡಿನೋವಿನ ಚಿಕಿತ್ಸೆಗೆ ವಾರಕ್ಕೆರಡು ಸಲ ಹೋಗುತ್ತಿದ್ದರು. ಜೊತೆಗೆ ಹೋದ ಮಾವನಿಗೆ ಅಲ್ಲಿನ ಲಿಫ್ಟುಗಳ ಸದ್ದು ಹಿಡಿಸಲಿಲ್ಲ. ಆ ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಮೆಕ್ಯಾನಿಕ್ ಒಂದು ಕಾಲದಲ್ಲಿ ಮಾವನ ಕೈಕೆಳಗೇ ಕೆಲಸ ಕಲಿತವನು. ಎಲ್ಲರೂ ಅವನನ್ನು ಗ್ರೀಸ್ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆಂದು ಸುದ್ದಿ. ಮಾವ ಕೇಳಿದರೆಂದು ಗ್ರೀಸ್ ಒಂದು ಮಧ್ಯಾಹ್ನ ಮೇಲಿನ ಯಂತ್ರದ ಕೋಣೆಯ ಬೀಗ ತೆಗೆದು, ಹತ್ತು ನಿಮಿಷ ಒಳಗೆ ಬಿಟ್ಟ. ಮಾವ ಅಲ್ಲಿ ಕಂಡದ್ದು ಉಕ್ಕಿನ ಹಗ್ಗದಿಂದ ಉದುರಿದ ಕೆಂಪು ತುಕ್ಕಿನ ಪುಡಿ, ಹರಿದು ಮುಳ್ಳಿನಂತೆ ಎದ್ದ ಎಳೆಗಳು. ಕಂಪನಿ ಬರೀ ಕಾಗದದ ಮೇಲೆ ಹಗ್ಗ ಬದಲಿಸಿ ಕೈ ತೊಳೆದುಕೊಂಡಿದೆ, ಒಂದನೇ ಲಿಫ್ಟಿಗೆ ಹತ್ತುವವರು ಹುಷಾರು ಎಂದು ಕಂಪನಿಯ ಹೆಸರು ಹಾಕಿಯೇ ಬರೆದರು. ಇದೆಲ್ಲ ತಮಗೆ ಹೇಗೆ ಗೊತ್ತಾಯಿತೆಂದು ಮಾತ್ರ ಬರೆಯಲಿಲ್ಲ. ಗ್ರೀಸ್‌ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅವನ ಸುಳಿವು ಎಲ್ಲೂ ಬರಬಾರದು ಎನ್ನುವುದರಲ್ಲಿ, ಬೇರೆ ಯಾವುದರಲ್ಲೂ ಒಮ್ಮತವಿರದ ಆ ಮನೆ ಒಮ್ಮತದಿಂದಿತ್ತು.

"ಹದಿನೈದು ದಿನದೊಳಗೆ ಲೇಖನ ತೆಗೀಬೇಕಂತೆ. ಬರೆದದ್ದೆಲ್ಲ ಸುಳ್ಳು ಅಂತ ಒಪ್ಪಿ ಕ್ಷಮೆ ಕೇಳಬೇಕಂತೆ. ಇಲ್ಲದಿದ್ರೆ ಮಾನನಷ್ಟದ ಕೇಸು. ನನ್ನ ಮೇಲೆ," ಎಂದಳು ಸೊಸೆ.

"ನಿನ್ನ ಮೇಲೆ ಯಾಕೆ? ಬರೆದದ್ದು ನಾನು," ಎಂದರು ಮಾವ.

"ಬ್ಲಾಗ್ ನನ್ನ ಹೆಸರಲ್ಲಿದೆಯಲ್ಲ ಮಾವ. ಇನ್ನೊಂದೂ ಇದೆ. ಕೆಳಗೆ ಯಾರೋ ಕಾಮೆಂಟ್ ಹಾಕಿದ್ದು. 'ಈ ಕಂಪನಿಯವರು ಕಟುಕರು, ಹೆಣ ಬೀಳೋದನ್ನೇ ಕಾಯ್ತಿದ್ದಾರೆ' ಅಂತ. ಅದಕ್ಕೂ ನಾನೇ ಹೊಣೆಯಂತೆ."

"ಅದನ್ನ ಬರೆದವನು ಯಾರು?" ಎಂದ ಗಂಡ.

"ಸತ್ಯವಾದಿ ಎಪ್ಪತ್ತೇಳು."

"ಉಳಿದ ಎಪ್ಪತ್ತಾರು ಸತ್ಯವಾದಿಗಳು ಎಲ್ಲಿದ್ದಾರೋ!" ಎಂದರು ಅತ್ತೆ.

ಗಂಡನಿಗೆ ನಗು ಬರಲಿಲ್ಲ. ಔಷಧಿ ಗೋದಾಮಿನಲ್ಲಿ ಮೇಲ್ವಿಚಾರಕನಾಗಿದ್ದ ಅವನಿಗೆ ಎಲ್ಲ ಪೆಟ್ಟಿಗೆಗೂ ಚೀಟಿ ಅಂಟಿಸಿ ಅಭ್ಯಾಸ. "ಆ ಕಾಮೆಂಟನ್ನ ಪ್ರಕಟಿಸಿದ್ದು ಯಾರು?" ಎಂದು ಕೇಳಿದ.

ಅವಳೇ ಪ್ರಕಟಿಸಿದ್ದಳು. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು, ಒಂದು ಕೈಯಲ್ಲಿ ಸೌಟಿತ್ತು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಸಾಲಾಗಿ ಆರು ಕಾಮೆಂಟುಗಳಿಗೆ ಒಪ್ಪಿಗೆ ಒತ್ತಿದ್ದಳು. ಓದಿರಲೇ ಇಲ್ಲ.

"ಇವತ್ತೇ ಎಲ್ಲ ಅಳಿಸಿಬಿಡು. ಬ್ಲಾಗೂ ಬೇಡ, ಅದರ ಉಸಾಬರಿಯೂ ಬೇಡ," ಎಂದ ಗಂಡ.

"ಯಾಕೆ ಅಳಿಸಬೇಕು? ನಾನು ಕಣ್ಣಾರೆ ನೋಡಿದ್ದೀನಿ!" ಮಾವನ ಸಿಟ್ಟು ನೆತ್ತಿಗೇರಿತು. "ಸುಳ್ಳು ಅಂತ ಬರೆದುಕೊಟ್ರೆ ನಾಳೆ ಆ ಲಿಫ್ಟು ಬಿದ್ದಾಗ ಏನು ಮುಖ ಇಟ್ಕೊಂಡು ಓಡಾಡಲಿ?"

"ಕೋರ್ಟಿಗೆ ಓಡಾಡೋಳು ಅವಳು, ನೀವಲ್ಲ."

ಮಾವ ತಟ್ಟೆ ಬಿಟ್ಟು ಎದ್ದುಹೋದರು. ಅತ್ತೆ ಅವರ ತಟ್ಟೆಯಲ್ಲಿ ಉಳಿದಿದ್ದ ಬ್ರೆಡ್ಡನ್ನು ಮುಚ್ಚಿಟ್ಟರು. ಸಿಟ್ಟು ಇಳಿದ ಮೇಲೆ ಹಸಿವಾಗುತ್ತದೆಂದು ಅವರಿಗೆ ಗೊತ್ತಿತ್ತು.

ಶನಿವಾರ ಸೊಸೆ ಮತ್ತು ಮಾವ ವಕೀಲೆಯೊಬ್ಬರ ಬಳಿಗೆ ಹೋದರು. ಅವರ ಮಗಳು ಹಿಂದೆ ಸೊಸೆಯ ತರಗತಿಯಲ್ಲಿ ಓದಿದವಳು. ಕೋಣೆಯಲ್ಲಿ ಎರಡೇ ಕುರ್ಚಿ. ಉಳಿದ ಕಡೆಯಲ್ಲೆಲ್ಲ ದಾರ ಕಟ್ಟಿದ ಕಡತಗಳೇ ಕೂತಿದ್ದವು.

"ಇವರು ಬರೆದರು, ಸರಿ. ಪ್ರಕಟಿಸಿದ್ದು ನೀವು," ಎಂದರು ವಕೀಲೆ. "ಪತ್ರಿಕೆ ಆಗಿದ್ರೆ ಒಬ್ಬ ಸಂಪಾದಕ, ಒಬ್ಬ ಮಾಲೀಕ, ಹೇಳೋರು ಕೇಳೋರು ಇರ್ತಾರೆ. ನಿಮ್ಮ ಬ್ಲಾಗಿಗೆ ಎಲ್ಲಾ ನೀವೇ. ಬರೆದದ್ದು ನಿಜ ಅಂತ ತೋರಿಸೋಕೆ ಸಾಕ್ಷಿ ಇದೆಯಾ?"

ಮಾವ ಸೊಸೆಯ ಮುಖ ನೋಡಿದರು. ಸೊಸೆ ನೆಲ ನೋಡಿದಳು.

"ಇದೆ. ಆದ್ರೆ ಹೇಳೋ ಹಾಗಿಲ್ಲ," ಎಂದರು ಮಾವ.

"ಹಾಗಾದ್ರೆ ಇಲ್ಲ ಅಂತಲೇ ಇಟ್ಕೊಳ್ಳೋಣ. ಹೇಗೆ ಗೊತ್ತಾಯ್ತು ಅಂತ ನೀವಾಗಿ ಎಲ್ಲೂ ಬಾಯಿ ಬಿಡಬೇಡಿ. ಆ ಕಾಮೆಂಟನ್ನ ಇವತ್ತೇ ತೆಗೀರಿ. ಲೇಖನದ ಒಂದು ಪ್ರತಿ ತೆಗೆದಿಟ್ಟು, ಅದನ್ನೂ ಸದ್ಯಕ್ಕೆ ಮರೆ ಮಾಡಿ. ಅವರು ಕೊಟ್ಟಿರೋ ದಾಖಲೆಗಳನ್ನ ಸರಿಯಾಗಿ ಓದಿದ್ರಾ?"

"ಏಳು ತಿಂಗಳ ಹಿಂದೆ ಒಂದನೇ ಲಿಫ್ಟಿಗೆ ಹೊಸ ಹಗ್ಗ ಹಾಕಿದ್ದೀವಿ ಅಂತ ಬಿಲ್ಲು, ಫೋಟೋ ಲಗತ್ತಿಸಿದ್ದಾರೆ. ಎಲ್ಲಾ ಖೊಟ್ಟಿ," ಎಂದರು ಮಾವ.

"ಖೊಟ್ಟಿ ಅನ್ನೋ ಮಾತನ್ನ ಈ ಕೋಣೆ ಬಿಟ್ಟು ಇನ್ನೆಲ್ಲೂ ಆಡಬೇಡಿ," ಎಂದರು ವಕೀಲೆ.

ಆ ವಾರವೆಲ್ಲ ಮನೆ ಮುಖ ಊದಿಸಿಕೊಂಡಿತ್ತು. ಗಂಡ ಮಾವನೊಡನೆ ಮಾತಾಡಬೇಕಾದರೆ ಅತ್ತೆಯ ಮೂಲಕ ಆಡುತ್ತಿದ್ದ. "ಅಮ್ಮ, ಪೇಪರ್ ಓದಿ ಆಗಿದ್ರೆ ಕೊಡೋಕೆ ಹೇಳು." "ಆಗಿಲ್ಲ ಅಂತ ಹೇಳು." ಇಬ್ಬರೂ ಕೂತಿದ್ದದ್ದು ಒಂದೇ ಸೋಫಾದ ಮೇಲೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಸೊಸೆಯನ್ನು ಕರೆದು, ಏನೋ ಕೇಸಂತೆ ಎಂದು ಕೇಳಿದರು. ಇನ್ನೂ ಆಗಿಲ್ಲ ಎಂದು ಇವಳು ಉತ್ತರಿಸಿದಳು. ಅತ್ತೆಯಂತೂ ಲಿಫ್ಟು ಬಿಟ್ಟು ಐದು ಮಹಡಿಯನ್ನೂ ಮೆಟ್ಟಿಲು ಹತ್ತಿಯೇ ಹೋಗಿ ಬಂದರು. ಮಂಡಿಯ ಚಿಕಿತ್ಸೆಗೆಂದು ಹೋಗಿ ಮಂಡಿ ಊದಿಸಿಕೊಂಡು ಬಂದರು.

"ನಿಮಗ್ಯಾಕೆ ಅತ್ತೆ ಈ ಹಟ? ಎರಡನೇ ಲಿಫ್ಟಲ್ಲಿ ಹೋಗಬಹುದಿತ್ತಲ್ಲ," ಎಂದಳು ಸೊಸೆ, ಮಂಡಿಗೆ ಬಿಸಿನೀರಿನ ಚೀಲ ಇಡುತ್ತ.

"ಅದು ಬಂದು ನಿಂತಾಗೆಲ್ಲ ಒಂಥರಾ ಕೆರೆದ ಹಾಗೆ ಸದ್ದು ಮಾಡುತ್ತೆ ಕಣೆ. ಹೆದರಿಕೆ ಆಗುತ್ತೆ."

ಮಾವ ಪತ್ರಿಕೆಯ ಹಿಂದಿನಿಂದ ತಲೆ ಎತ್ತಿದರು. "ಯಾವುದು ಸದ್ದು ಮಾಡೋದು?"

"ಎರಡನೇದು. ಒಂದನೇದು ಮೊದಲಿಂದಲೂ ಬೆಣ್ಣೆ ಹಾಗೆ ಹೋಗುತ್ತೆ."

ಮಾವ ಮತ್ತೆ ಪತ್ರಿಕೆಯೊಳಗೆ ತಲೆ ಹುದುಗಿಸಿದರು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಎರಡು ಲೋಟಗಳನ್ನು ಮೇಜಿನ ನಡುವೆ ತಂದಿಟ್ಟರು. ನೀರು ತುಂಬಲೆಂದು ಜಗ್ಗು ಹಿಡಿದ ಸೊಸೆಯ ಕೈಯನ್ನು ತಡೆದರು.

"ಇದು ಒಂದು, ಇದು ಎರಡು," ಎಂದು ಎಡದ ಲೋಟ ಮುಟ್ಟಿದರು, ಬಲದ್ದು ಮುಟ್ಟಿದರು. "ನಾನು ಯಂತ್ರದ ಕೋಣೆಗೆ ಹೀಗೆ ಬಂದೆ. ಎಡಗಡೆಯ ಯಂತ್ರ ನೋಡಿದೆ. ಹಗ್ಗ ಹೋಗಿತ್ತು. ಇದರಲ್ಲಿ ತಪ್ಪೇನಿದೆ?"

ಎದುರಿಗೆ ಕೂತಿದ್ದ ಅತ್ತೆ ಬೀನ್ಸ್ ಬಡಿಸಿಕೊಳ್ಳುತ್ತಿದ್ದರು. "ನನಗೆ ಅದು ಬಲಗಡೆ ಕಾಣ್ತಿದೆ," ಎಂದರು.

"ನೀನು ಆ ಕಡೆ ಕೂತಿದ್ದೀಯ, ಅದಕ್ಕೆ."

"ಕೆಳಗೆ ಲಿಫ್ಟಿಗೆ ಕಾಯೋಳು ನಾನಲ್ವಾ? ಕಾಯೋರೆಲ್ಲ ಬಾಗಿಲ ಕಡೆಯಿಂದ ತಾನೇ ನೋಡೋದು. ಮೇಲೆ ಆ ಕೋಣೆಯ ಬಾಗಿಲು ಯಾವ ಕಡೆಗಿದೆ?"

ಮಾವ ಎಡದ ಲೋಟವನ್ನು ನೋಡಿದರು, ಬಲದ ಲೋಟವನ್ನು ನೋಡಿದರು. ಆಮೇಲೆ ನಿಧಾನವಾಗಿ, "ಹಿಂದೆ," ಎಂದರು.

"ಹಿಂದೆ ಅಂದ್ರೆ?" ಎಂದ ಗಂಡ. ವಾರದಲ್ಲಿ ಅಪ್ಪನೊಡನೆ ಆಡಿದ ಮೊದಲ ನೇರ ಮಾತು.

"ಮೆಟ್ಟಿಲು ಹಿಂಬದಿಗಿದೆ. ಬಾಗಿಲು ಆ ಕಡೆಯಿಂದ. ಯಂತ್ರದ ಮೇಲಿನ ನಂಬರಿಗೆ ಬಣ್ಣ ಹೊಡೆದುಬಿಟ್ಟಿದ್ರು. ಹೋಗಿದ್ದು ಎರಡನೇದರ ಹಗ್ಗ. ಕೆಲಸ ಕಲಿಯೋಕೆ ಬಂದ ಮೊದಲ ವಾರ ಹೇಳಿಕೊಡೋ ಪಾಠ ಇದು. ಮೇಲೆ ಹೋದಾಗ ಮೊದಲು ಬಾಗಿಲು ಎಲ್ಲಿದೆ ನೋಡು ಅಂತ ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೀನಿ!"

ಅವರು ತಲೆ ಎತ್ತಲಿಲ್ಲ. ನಲವತ್ತೊಂದು ವರ್ಷದ ಹೆಮ್ಮೆ ಎರಡು ಖಾಲಿ ಲೋಟಗಳ ಮುಂದೆ ಮಣ್ಣುಪಾಲಾಗಿತ್ತು. ಸೊಸೆಗೆ ಅಯ್ಯೋ ಅನಿಸಿತು. ಗಂಡನಿಗೂ ಅನಿಸಿರಬೇಕು. ಬಾಯಿಗೆ ಬಂದಿದ್ದ ಮಾತನ್ನು ನುಂಗಿಕೊಂಡು ಅಪ್ಪನ ತಟ್ಟೆಗೆ ಅನ್ನ ಬಡಿಸಿದ.

ಸೋಮವಾರ ಸೊಸೆ ವಕೀಲೆಗೆ ಫೋನ್ ಮಾಡಿದಳು.

"ಒಳ್ಳೇದೇ ಆಯ್ತು," ಎಂದರು ಅವರು. "ತಪ್ಪು ಗೊತ್ತಾದ ಮೇಲೆ ತಿದ್ದೋದು ನಿಮ್ಮ ಜವಾಬ್ದಾರಿ. ಬೇಗ ತಿದ್ದಿದಷ್ಟೂ ಕಾನೂನು ನಿಮ್ಮ ಕಡೆ ವಾಲುತ್ತೆ. ಒಂದು ಚಿಕ್ಕ ತಿದ್ದುಪಡಿ ಹಾಕಿ. ಒಂದನೇ ಲಿಫ್ಟಿನ ಬಗ್ಗೆ ಬರೆದದ್ದು ತಪ್ಪು, ವಿಷಾದಿಸುತ್ತೇವೆ. ಸಾಕು. ಎರಡನೇದನ್ನ ಪರೀಕ್ಷೆ ಮಾಡಿ ಅಂತ ನಿಮ್ಮತ್ತೆ ಲಿಫ್ಟ್ ತಪಾಸಣೆ ಇಲಾಖೆಗೆ ಅರ್ಜಿ ಕೊಡಲಿ. ಅವರು ವಾರಕ್ಕೆರಡು ಸಲ ಅಲ್ಲಿಗೆ ಹೋಗೋರು, ಸದ್ದು ಕೇಳಿದೆ ಅಂದ್ರೆ ಆಯ್ತು."

ಅತ್ತೆ ಅಂದೇ ಅರ್ಜಿ ಬರೆದರು. ತಮ್ಮ ಮಂಡಿಯ ಚರಿತ್ರೆಯನ್ನೂ ಸೇರಿಸಿ ಒಂದೂವರೆ ಪುಟ. ತಿದ್ದುಪಡಿಯನ್ನು ಸೊಸೆ ತಾನೇ ಬರೆಯುತ್ತೇನೆಂದಳು. ಹೆಸರು ತನ್ನದಾದ ಮೇಲೆ ಮಾತೂ ತನ್ನದೇ ಇರಲಿ ಎಂದು. ಕೂತು ಎರಡು ಸಾಲು ಬರೆದಳು. ಓದಿಕೊಂಡಾಗ ಅದು ತೀರಾ ಬೋಳಾಗಿ ಕಂಡಿತು. ಮೂರು ಸಾವಿರ ಜನ ಏನು ತಿಳಿದುಕೊಂಡಾರು? ಮುದುಕ ಕುಡಿದು ಬರೆದ ಎಂದುಕೊಂಡರೆ? ಅವಳ ತರಗತಿಯಲ್ಲಿ ಒಂದು ನಿಯಮವಿತ್ತು. ತಪ್ಪಾದ ಲೆಕ್ಕವನ್ನು ಬರೀ ಹೊಡೆದುಹಾಕುವ ಹಾಗಿಲ್ಲ. ಎಲ್ಲಿ ತಪ್ಪಾಯಿತು, ಯಾಕೆ ತಪ್ಪಾಯಿತು ಎಂದು ಪಕ್ಕದಲ್ಲಿ ಬರೆಯಬೇಕು. ಹನ್ನೆರಡು ವರ್ಷದಿಂದ ಮಕ್ಕಳಿಂದ ಹಾಗೆ ಬರೆಸಿದವಳು ತಾನು ಬರೆಯದಿದ್ದರೆ ಹೇಗೆ? ಇನ್ನು ಮೂರು ಸಾಲು ಸೇರಿಸಿದಳು.

ಪ್ರಕಟಿಸುವ ಮೊದಲು ಎಲ್ಲರಿಗೂ ತೋರಿಸಿದಳು. ಈ ಸಲ ಒಲೆ ಆರಿಸಿಯೇ ಕೂತಿದ್ದಳು. ಮಾವ ಎರಡು ಸಲ ಓದಿ, "ಚೆನ್ನಾಗಿ ವಿವರಿಸಿದ್ದೀಯಮ್ಮ. ಬೇಜವಾಬ್ದಾರಿ ಅಲ್ಲ ಅಂತ ಗೊತ್ತಾಗುತ್ತೆ," ಎಂದು ಕಣ್ಣೊರೆಸಿಕೊಂಡರು. ಅತ್ತೆ ಒಂದು ಅಲ್ಪವಿರಾಮ ಹಾಕಿಸಿದರು. ಗಂಡ, "ಇದು ಮರ್ಯಾದೆಯ ಮಾತು," ಎಂದ. ವಕೀಲೆಗೊಮ್ಮೆ ತೋರಿಸುವುದು ಯಾರಿಗೂ ಹೊಳೆಯಲಿಲ್ಲ.

ಒಂಬತ್ತು ದಿನಕ್ಕೆ ಕಂಪನಿಯಿಂದ ಪತ್ರ ಬಂತು. ತಿದ್ದುಪಡಿಯನ್ನು ಗಮನಿಸಲಾಗಿದೆ, ವಿಷಯವನ್ನು ಇಲ್ಲಿಗೆ ಕೈಬಿಡಲಾಗಿದೆ, ಎರಡೇ ವಾಕ್ಯ. ಗಂಡ ದಾರಿಯಲ್ಲಿ ಕೇಕು ಕಟ್ಟಿಸಿಕೊಂಡು ಬಂದ. ಅಪ್ಪ ಮಗ ಒಂದೇ ಪತ್ರಿಕೆಯನ್ನು ಹಾಳೆ ಹಂಚಿಕೊಂಡು ಓದಿದರು. ಮುಂದಿನ ವಾರ ಚಿಕಿತ್ಸೆಗೆ ಹೋಗಿ ಬಂದ ಅತ್ತೆ ಬಾಗಿಲಿನಿಂದಲೇ ಕೂಗಿದರು, "ಎರಡನೇ ಲಿಫ್ಟಿಗೆ 'ದುರಸ್ತಿಯಲ್ಲಿದೆ' ಅಂತ ಬೋರ್ಡು ಹಾಕಿದ್ದಾರೆ! ಮೇಲಿಂದ ಹಳೇ ಹಗ್ಗ ಇಳಿಸ್ತಿದ್ರು, ಮುಟ್ಟಿದ್ರೆ ಕೈ ಕೊಯ್ಯೋ ಹಾಗಿತ್ತು." ಮಾವ ಅಂದು ಪೆನ್ಸಿಲ್ಲು ಚೂಪು ಮಾಡಿಟ್ಟುಕೊಂಡರು. ಸೊಸೆಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾನು ಬರೆದ ಐದು ಸಾಲಿನಿಂದ ಒಂದು ಲಿಫ್ಟಿಗೆ ಹಗ್ಗ ಬಂತೆಂಬ ಹೆಮ್ಮೆಯನ್ನು ಅವಳು ಯಾರೆದುರೂ ಆಡಲಿಲ್ಲವಷ್ಟೆ.

ಅದಾದ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಗ್ರೀಸ್ ಬಂದ. ತುಂಬ ಹೊತ್ತು ಕೈ ತೊಳೆದುಕೊಂಡು ಬಂದು ಕೂತ. ಬಂದಾಗಲೆಲ್ಲ ಎರಡು ಸಲ ಬಡಿಸಿಕೊಳ್ಳುತ್ತಿದ್ದವನು ಆಲೂಗಡ್ಡೆಯನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸುತ್ತಿದ್ದ.

"ಏನೋ, ರಜೆನಾ ಇವತ್ತು?" ಎಂದರು ಮಾವ.

"ಪೂರ್ತಿ ರಜೆ ಮೇಸ್ತ್ರಿ. ತೆಗೆದುಹಾಕಿದ್ರು."

ಸೌಟು ಹಿಡಿದ ಅತ್ತೆಯ ಕೈ ನಿಂತಿತು.

"ಮೇಲಿನ ಕೋಣೆ ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ಕೇಳಿದ್ರು. ನನ್ನ ಹತ್ರ ಅಂದೆ. ಇನ್ಯಾರ ಹತ್ರ ಇದೆ ಅಂದ್ರು. ಯಾರ ಹತ್ರಾನೂ ಇಲ್ಲ. ಅಷ್ಟೇ ಮಾತು. ಹೊಸ ಹಗ್ಗ ಹಾಕೋವರೆಗೆ ಇಟ್ಕೊಂಡಿದ್ರು. ಎರಡು ದಿನ ಕೂತು ನಾನೇ ಹಾಕಿದೆ, ಚೆನ್ನಾಗಿ ಕೂತಿದೆ. ಮೂರನೇ ದಿನ ಬರಬೇಡ ಅಂದ್ರು. ಕಂಪನಿ ಕೊಡೋ ಮನೇನೂ ಬಿಡಬೇಕು, ತಿಂಗಳ ಕೊನೆಗೆ."

"ಯಾರು ಹೇಳಿದ್ದು ಅವರಿಗೆ?" ಮಾವ ಮೇಜು ಗುದ್ದಿದರು. ಅವರ ಕಣ್ಣು ಮಗನ ಕಡೆ ಹೋಯಿತು.

"ನನ್ನನ್ನ ಯಾಕೆ ನೋಡ್ತೀರ? ನಾನು ಯಾರ ಹತ್ರಾನೂ ಉಸಿರೆತ್ತಿಲ್ಲ!" ಎಂದ ಗಂಡ.

"ಯಾರೂ ಹೇಳಿಲ್ಲ ಮೇಸ್ತ್ರಿ," ಎಂದ ಗ್ರೀಸ್. "ನಿಮ್ಮ ಬ್ಲಾಗಿಂದು ಒಂದು ಪ್ರಿಂಟ್ ಇಟ್ಕೊಂಡಿದ್ರು, ಇದನ್ನ ಓದು ಅಂತ ಮುಂದೆ ಹಿಡಿದ್ರು. ನನ್ನ ಹತ್ರ ಕನ್ನಡಕ ಇರಲಿಲ್ಲ. ಏನು ಬರೆದಿತ್ತು ಟೀಚರ್ ಅದರಲ್ಲಿ?"

ಸೊಸೆ ಫೋನ್ ತಂದು, ತಾನು ಬರೆದದ್ದನ್ನು ತೆರೆದು, ತರಗತಿಯಲ್ಲಿ ಓದುವ ಹಾಗೆ ಬಿಡಿಸಿ ಬಿಡಿಸಿ ಓದಿದಳು. "ಕಳೆದ ತಿಂಗಳ ಲೇಖನದಲ್ಲಿ ಒಂದನೇ ಲಿಫ್ಟಿನ ಹಗ್ಗ ಸವೆದಿದೆ ಎಂದು ಬರೆದದ್ದು ತಪ್ಪು. ಸಂಸ್ಥೆಗೆ ಆದ ತೊಂದರೆಗೆ ವಿಷಾದಿಸುತ್ತೇವೆ. ಲಿಫ್ಟುಗಳ ಯಂತ್ರದ ಕೋಣೆಗೆ ಹಿಂದಿನ ಬಾಗಿಲಿನಿಂದ ಹೋದಾಗ ಎಡ ಬಲ, ಅದಲುಬದಲಾಗುತ್ತದೆ. ಒಳಗೆ ಹೋಗಿ ನೋಡಿದವರು..."

ಅಲ್ಲಿಗೆ ಅವಳ ದನಿ ನಿಂತಿತು. ಇನ್ನೂ ಒಂದೂವರೆ ಸಾಲಿತ್ತು. ಅದನ್ನು ಓದುವ ಅಗತ್ಯ ಅಲ್ಲಿದ್ದ ಯಾರಿಗೂ ಉಳಿದಿರಲಿಲ್ಲ. ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ವಿಷಾದ ಅಂತ ಬರೆದ್ರಲ್ಲ ಟೀಚರ್," ಎಂದ ಗ್ರೀಸ್. "ಅಲ್ಲಿಗೇ ನಿಲ್ಲಿಸಬಹುದಿತ್ತು."

ಸೊಸೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ನಾಚಿಕೆಯಿಂದ ಅವಳ ಕಿವಿಯವರೆಗೂ ಬಿಸಿಯೇರಿತ್ತು.

"ತಪ್ಪು ನಂದೇ," ಎಂದಳು.

ಇಂಥ ಮಾತಿಗೆ ಎದುರಿಗಿದ್ದವರು ಛೆ ಛೆ, ಹಾಗೆಲ್ಲ ಅನ್ನಬೇಡಿ ಎನ್ನುವುದು ವಾಡಿಕೆ. ಮನೆಯವರೆಲ್ಲ ಆ ಮಾತಿಗಾಗಿ ಗ್ರೀಸ್‌ನ ಮುಖ ನೋಡಿದರು.

"ಹೌದು," ಎಂದು ಗ್ರೀಸ್ ತಟ್ಟೆ ಸರಿಸಿ, ಕೈ ತೊಳೆಯಲು ಎದ್ದ.